ಡೊಮೇನ್ ಖಾತೆ ಯಾರ ಹೆಸರಲ್ಲಿದೆ? ವರ್ಡ್‌ಪ್ರೆಸ್‌ನಲ್ಲಿ ಕನ್ನಡ ತಾಣ ಕಟ್ಟುವ ಬಗೆ

ನಮ್ಮ ಚಿಕ್ಕಪ್ಪ ನಿವೃತ್ತ ಮೇಷ್ಟ್ರು. ಊರಿನ ವಾರಪತ್ರಿಕೆಗೆ ಹದಿನೆಂಟು ವರ್ಷ ಅಂಕಣ ಬರೆದವರು. ಕೆಲವು ವರ್ಷಗಳ ಹಿಂದೆ ಪರಿಚಯದ ಹುಡುಗನೊಬ್ಬ ಅವರಿಗೊಂದು ವೆಬ್‌ಸೈಟ್ ಮಾಡಿಕೊಟ್ಟ. ಚೆನ್ನಾಗಿಯೇ ಇತ್ತು. ಆಮೇಲೆ ಅವನು ಕೆಲಸಕ್ಕೆಂದು ದುಬೈಗೆ ಹೋದ, ಫೋನ್ ನಂಬರು ಬದಲಾಯಿತು. ಒಂದು ದಿನ ತಾಣ ತೆರೆದರೆ ಯಾವುದೋ ಜೂಜಿನ ಜಾಹೀರಾತು! ಡೊಮೇನ್ ನೋಂದಣಿಯಾಗಿದ್ದು ಅವನ ಈಮೇಲ್‌ನಲ್ಲಿ, ನವೀಕರಣದ ನೆನಪೋಲೆಗಳೆಲ್ಲ ಹೋಗಿದ್ದು ಅವನಿಗೇ. ಹೋಸ್ಟಿಂಗ್ ಕೂಡ ಅವನದೇ. ಬ್ಯಾಕಪ್ ಯಾರ ಹತ್ತಿರವೂ ಇಲ್ಲ. ಹುಡುಗ ಮೋಸಗಾರನೇನಲ್ಲ, ಮರೆತಿದ್ದ ಅಷ್ಟೆ.

"ಸೈಟು ಅಂದಮೇಲೆ ಖಾತೆ ಯಾರ ಹೆಸರಲ್ಲಿದೆ ಅಂತ ನೋಡಬೇಕಿತ್ತು ಕಣೋ" ಅಂದರು ಚಿಕ್ಕಪ್ಪ.

ಈ ಸಲ ನಾನು ಪಕ್ಕದಲ್ಲಿ ಕೂತು, ಎಲ್ಲವನ್ನೂ ಅವರ ಕೈಯಲ್ಲೇ ಮಾಡಿಸಿದೆ. ಎರಡು ಭಾನುವಾರ ಹಿಡಿಯಿತು. ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ. ಕೋಡಿಂಗ್ ಬರಬೇಕಿಲ್ಲ. ಒಂದು ನೋಟ್‌ಬುಕ್ಕು ಮತ್ತು ಪೆನ್ನು ಮಾತ್ರ ಪಕ್ಕದಲ್ಲಿರಲಿ.

ಮೊದಲು ಮೂರನ್ನು ಬೇರೆ ಬೇರೆಯಾಗಿ ನೋಡಿ

ಹೆಚ್ಚಿನವರು ಗೊಂದಲಕ್ಕೆ ಬೀಳುವುದು ಇಲ್ಲೇ. ಡೊಮೇನ್ ಎಂದರೆ ವಿಳಾಸ, ವರ್ಷಕ್ಕಿಷ್ಟು ಎಂದು ಕಟ್ಟಿ ಇಟ್ಟುಕೊಳ್ಳುವ ಹೆಸರು. ಹೋಸ್ಟಿಂಗ್ ಎಂದರೆ ನಿಮ್ಮ ಕಡತಗಳಿರುವ ಕಂಪ್ಯೂಟರಿನ ಬಾಡಿಗೆ. ವರ್ಡ್‌ಪ್ರೆಸ್ ಎಂದರೆ ಆ ಕಂಪ್ಯೂಟರಿನೊಳಗೆ ಕೂತು ನಿಮ್ಮ ಬರಹ, ಚಿತ್ರಗಳನ್ನು ಜೋಡಿಸಿಡುವ ತಂತ್ರಾಂಶ. ಬರಹ ಡೇಟಾಬೇಸಿನಲ್ಲಿರುತ್ತದೆ. ಓದುಗ ಕೊಂಡಿ ಒತ್ತಿದಾಗ ವರ್ಡ್‌ಪ್ರೆಸ್ ಅದನ್ನು ಹೊರತೆಗೆದು, ಥೀಮ್ ಎಂಬ ವಿನ್ಯಾಸದ ಅಂಗಿ ತೊಡಿಸಿ ಕಳಿಸುತ್ತದೆ. ಈ ಬಗೆಯ ತಂತ್ರಾಂಶಕ್ಕೆ ಸಿಎಂಎಸ್ ಎನ್ನುತ್ತಾರೆ. ಜೂಮ್ಲಾ, ಡ್ರೂಪಲ್ ಕೂಡ ಇದೇ ಜಾತಿಯವು.

ನಾನು ವರ್ಡ್‌ಪ್ರೆಸ್ ಎನ್ನುವುದಕ್ಕೆ ಕಾರಣ ಸರಳ. 2003ರ ಮೇ 27ರಂದು ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟಲ್ ಬಿಡುಗಡೆ ಮಾಡಿದ ಈ ಮುಕ್ತ ತಂತ್ರಾಂಶ ಈಗ ಜಗತ್ತಿನ ಶೇ. 40ಕ್ಕೂ ಹೆಚ್ಚು ಜಾಲತಾಣಗಳಲ್ಲಿದೆ. ಹಾಗಾಗಿ ಏನೇ ಕೆಟ್ಟರೂ ರಿಪೇರಿ ಗೊತ್ತಿರುವವರು ಸಿಗುತ್ತಾರೆ. ಇನ್ನೊಂದು ಕಾರಣ, ಒಂದು ಕಡೆಯ ಹೋಸ್ಟಿಂಗ್ ಹಿಡಿಸದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಇನ್ನೊಂದು ಕಡೆ ಹೋಗಬಹುದು.

ಹೆಸರಿನ ತೊಡಕೊಂದಿದೆ. ವರ್ಡ್‌ಪ್ರೆಸ್ ಡಾಟ್ ಕಾಮ್ ಎನ್ನುವುದು ಆಟೊಮ್ಯಾಟಿಕ್ ಕಂಪನಿಯ ಸೇವೆ. ಅಲ್ಲಿ ಹೋಸ್ಟಿಂಗ್ ಅವರದೇ. ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಲ್ಲಿ ಸಿಗುವುದು ತಂತ್ರಾಂಶ. ಅದನ್ನು ನಿಮಗೆ ಬೇಕಾದಲ್ಲಿ ಹಾಕಿಕೊಳ್ಳಬಹುದು. ಈ ಬರಹ ಎರಡನೆಯದರ ಬಗ್ಗೆ. ತಿಂಗಳಿಗೊಂದು ಬರಹ ಹಾಕಿದರೆ ಸಾಕು, ದುಡ್ಡು ಖರ್ಚು ಮಾಡುವ ಮನಸ್ಸಿಲ್ಲ ಅನ್ನುವವರಿಗೆ ಗೂಗಲ್‌ನ ಬ್ಲಾಗರ್ ಧಾರಾಳವಾಯಿತು. ಅವರು ಮುಂದೆ ಓದಬೇಕಿಲ್ಲ.

ಹೆಸರು: ಫೋನಿನಲ್ಲಿ ಹೇಳಿ ನೋಡಿ

ಚಿಕ್ಕಪ್ಪನ ಅಂಕಣದ ಹೆಸರು 'ಜಗಲಿಮಾತು'. ಅದನ್ನೇ ಡೊಮೇನ್ ಮಾಡೋಣ ಎಂದರು. ನಾನು ಪಡಸಾಲೆಯಿಂದ ಎದ್ದು ಅಂಗಳಕ್ಕೆ ಹೋಗಿ ಅವರಿಗೇ ಫೋನ್ ಮಾಡಿ, "ಹೇಳಿ ಚಿಕ್ಕಪ್ಪ, ಇಂಗ್ಲಿಷಿನಲ್ಲಿ ಹೇಗೆ ಬರ್ಕೊಳ್ಲಿ?" ಅಂತ ಕೇಳಿದೆ. 'ಮಾ' ಎನ್ನುವುದಕ್ಕೆ 'ಎ' ಒಂದೋ ಎರಡೋ? 'ತು' ಎನ್ನುವುದಕ್ಕೆ ಬರೀ 'ಟಿ'ಯೋ, ನಮ್ಮವರ ರೂಢಿಯಂತೆ 'ಟಿ-ಎಚ್' ಸೇರಿಸಬೇಕೋ? ನಾಲ್ಕು ಬಗೆಯಲ್ಲಿ ಬರೆಯಬಹುದು, ಮೂರು ಬಗೆ ಬರೆದವರು ಬೇರೆಲ್ಲೋ ಹೋಗಿ ನಿಲ್ಲುತ್ತಾರೆ. ಕೊನೆಗೆ 'ಜಗಲಿಪುಟ' ಎಂದಾಯಿತು. ಅದರಲ್ಲಿ ಎಡವಲು ಜಾಗವಿಲ್ಲ. ಮಹಾಪ್ರಾಣ, ದೀರ್ಘ, ತ-ಟ, ಳ-ಲ ಇವು ಬರುವ ಹೆಸರುಗಳನ್ನು ಈ ಫೋನ್ ಪರೀಕ್ಷೆಗೆ ಒಡ್ಡಿಯೇ ತೆಗೆದುಕೊಳ್ಳಿ.

ಕನ್ನಡ ಲಿಪಿಯಲ್ಲೇ 'ಡಾಟ್ ಭಾರತ' ಎಂದು ಕೊನೆಯಾಗುವ ಡೊಮೇನ್ ಕೂಡ ಸಿಗುತ್ತದೆ. ಅಭಿಮಾನಕ್ಕೆ ಚಂದ, ತೆಗೆದಿಡಿ. ಆದರೆ ಅದೊಂದನ್ನೇ ನೆಚ್ಚಬೇಡಿ. ಅನೇಕ ಫಾರ್ಮುಗಳು ಅದನ್ನು ವಿಳಾಸವೆಂದು ಒಪ್ಪುವುದಿಲ್ಲ, ಕೆಲವು ಕಡೆ ಅಂಟಿಸಿದರೆ ಅರ್ಥವಾಗದ ರೋಮನ್ ಅಕ್ಷರಗಳ ಸಾಲಾಗಿಬಿಡುತ್ತದೆ. ದಿನಬಳಕೆಗೆ ಡಾಟ್ ಇನ್ ಅಥವಾ ಡಾಟ್ ಕಾಮ್ ಇರಲಿ.

ನೋಂದಣಿ ಮಾಡುವಾಗ ಮೂರು ಮಾತು ನೆನಪಿಡಿ. ಖಾತೆ ತೆರೆಯುವ ಈಮೇಲ್ ನಿಮ್ಮದೇ ಆಗಿರಲಿ, ಮಗನದಲ್ಲ, ಮಾಡಿಕೊಡುವವನದಲ್ಲ. ಅದು ಮುಂದೆ ಕಟ್ಟಲಿರುವ ಇದೇ ಡೊಮೇನಿನ ಈಮೇಲೂ ಆಗಬಾರದು. ಡೊಮೇನ್ ನಿಂತರೆ ಆ ಈಮೇಲೂ ನಿಲ್ಲುತ್ತದೆ, ಬೀಗದ ಕೈ ಒಳಗಿಟ್ಟು ಬಾಗಿಲು ಹಾಕಿಕೊಂಡಂತೆ. ಎರಡನೆಯದು, ಡಾಟ್ ಕಾಮ್ ತೆಗೆದುಕೊಂಡರೆ ಈಮೇಲ್ ದೃಢೀಕರಿಸಿ ಎಂಬ ಓಲೆ ಬರುತ್ತದೆ. 15 ದಿನದೊಳಗೆ ಅದನ್ನು ಒತ್ತದಿದ್ದರೆ ಡೊಮೇನ್ ತಡೆಹಿಡಿಯುತ್ತಾರೆ. ಮೂರನೆಯದು, ಆಟೊ-ರಿನ್ಯೂವಲ್ ಹಾಕಿದ್ದರೂ ಕಾರ್ಡಿನ ಅವಧಿ ಮುಗಿದಿದ್ದರೆ ದುಡ್ಡು ಹೋಗುವುದಿಲ್ಲ. ಡಾಟ್ ಕಾಮ್ ಹೆಸರು ವಾಯಿದೆ ಮುಗಿದ ಕೂಡಲೇ ಬೇರೆಯವರ ಪಾಲಾಗುವುದಿಲ್ಲ, ಮಾಮೂಲು ದರದಲ್ಲಿ ಬಿಡಿಸಿಕೊಳ್ಳಲು ಸಾಮಾನ್ಯವಾಗಿ ಕೆಲವು ವಾರ ಸಿಗುತ್ತದೆ. ಆಮೇಲೆ ದುಬಾರಿ ದಂಡದ ಅವಧಿ, ಅದೂ ಕಳೆದರೆ ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಚಿಕ್ಕಪ್ಪನ ಹಳೆಯ ಹೆಸರು ಜೂಜಿನವರ ಕೈಸೇರಿದ್ದು ಹಾಗೆಯೇ.

ಹೋಸ್ಟಿಂಗ್ ಕೊಳ್ಳುವಾಗ

ಶೇರ್ಡ್ ಹೋಸ್ಟಿಂಗ್ ಸಾಕು. ಒಂದೇ ಕಂಪ್ಯೂಟರನ್ನು ನೂರಾರು ತಾಣಗಳು ಹಂಚಿಕೊಳ್ಳುವ ವಠಾರ ಅದು. ಹೊಸ ಬರಹದ ತಾಣಕ್ಕೆ ವಿಪಿಎಸ್, ಕ್ಲೌಡ್ ಎಂಬ ದೊಡ್ಡ ತಾಣಗಳ ಹೋಸ್ಟಿಂಗನ್ನು ಯಾರಾದರೂ ಮಾರಲು ಬಂದರೆ ನಗುನಗುತ್ತಾ ಕಳಿಸಿಬಿಡಿ.

ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದು ಮೊದಲ ಅವಧಿಯ ದರ. ನೋಡಬೇಕಾದದ್ದು ನವೀಕರಣದ ದರ. ಅದು ಎರಡು, ಮೂರು ಪಟ್ಟು ಇರುವುದು ಮಾಮೂಲು. ಮೇಲೆ ಶೇ. 18 ಜಿಎಸ್‌ಟಿ. ತಿಂಗಳಿಗಿಷ್ಟು ಎಂದು ಬರೆದಿದ್ದರೂ ಆ ದರ ಸಿಗಬೇಕಾದರೆ ಮೂರೋ ನಾಲ್ಕೋ ವರ್ಷದ ಹಣ ಒಟ್ಟಿಗೆ ಕಟ್ಟಬೇಕಾಗಿರುತ್ತದೆ. ನಾನು ಒಂದು ವರ್ಷದ್ದನ್ನೇ ತೆಗೆಸಿದೆ. ಸ್ವಲ್ಪ ಹೆಚ್ಚಾಯಿತು ನಿಜ, ಆದರೆ ಸರಿಬಾರದಿದ್ದರೆ ಬಿಟ್ಟುಹೋಗುವ ಸ್ವಾತಂತ್ರ್ಯ ಉಳಿಯಿತು. ಮೊದಲ ವರ್ಷ ಡೊಮೇನ್ ಉಚಿತ ಎಂದೂ ಆಮಿಷ ತೋರಿಸುತ್ತಾರೆ. ನಾನು ಡೊಮೇನನ್ನು ಒಂದು ಕಡೆ, ಹೋಸ್ಟಿಂಗನ್ನು ಇನ್ನೊಂದು ಕಡೆ ತೆಗೆದುಕೊಳ್ಳುವ ಪಕ್ಷದವನು. ಬಾಡಿಗೆ ಮನೆಯ ಮಾಲೀಕನ ಜೊತೆ ಜಗಳವಾದರೂ ವಿಳಾಸ ನಿಮ್ಮ ಕೈಲಿರುತ್ತದೆ.

ಕೊಳ್ಳುವ ಮೊದಲು ಅವರ ಚಾಟ್‌ನಲ್ಲಿ ಇಷ್ಟನ್ನು ಕೇಳಿ: ಪಿಎಚ್‌ಪಿ (ವರ್ಡ್‌ಪ್ರೆಸ್ ಓಡಲು ಬೇಕಾದ ಭಾಷೆ) 8.3 ಅಥವಾ ಅದಕ್ಕಿಂತ ಹೊಸದು ಇದೆಯೇ, ಡೇಟಾಬೇಸಿಗೆ ಮರಿಯಾಡಿಬಿ ಅಥವಾ ಮೈಎಸ್‌ಕ್ಯೂಎಲ್‌ನ ಯಾವ ಆವೃತ್ತಿ, ಉಚಿತ ಎಸ್‌ಎಸ್‌ಎಲ್ (ತಾಣದ ಸುರಕ್ಷತೆಯ ಪ್ರಮಾಣಪತ್ರ) ಕೊಡುತ್ತೀರಾ, ದಿನದಿನದ ಬ್ಯಾಕಪ್ ಇದೆಯೇ, ಅದನ್ನು ಮರಳಿ ಹಾಕಲು ಬೇರೆ ದುಡ್ಡು ಕೇಳುತ್ತೀರಾ, ಸರ್ವರ್ ಎಲ್ಲಿದೆ. ಓದುಗರು ಹೆಚ್ಚಾಗಿ ಇಲ್ಲಿಯವರೇ ಆಗಿದ್ದರೆ ಮುಂಬೈ ಅಥವಾ ಬೆಂಗಳೂರಿನ ಸರ್ವರ್ ಒಳ್ಳೆಯದು. ಉತ್ತರ ಎಷ್ಟು ಹೊತ್ತಿಗೆ ಬಂತು ಎಂಬುದನ್ನೂ ಗಮನಿಸಿ. ಮಾರುವಾಗಲೇ ತಡ ಮಾಡುವವರು ಮಾರಿದ ಮೇಲೆ ಬೇಗ ಬರುತ್ತಾರೆಯೇ?

'ಅನ್‌ಲಿಮಿಟೆಡ್' ಎಂಬ ಮಾತಿಗೆ ಬೆಲೆ ಕೊಡಬೇಡಿ. ಜಾಗಕ್ಕೆ ಮಿತಿಯಿಲ್ಲ ಎಂದವರೇ ಕಡತಗಳ ಸಂಖ್ಯೆಗೆ ಮಿತಿ ಇಟ್ಟಿರುತ್ತಾರೆ.

ವಿಳಾಸವನ್ನು ಮನೆಗೆ ಜೋಡಿಸುವುದು

ಹೋಸ್ಟಿಂಗ್ ಕೊಂಡ ಕೂಡಲೇ ಬರುವ ಈಮೇಲ್‌ನಲ್ಲಿ ಎರಡು ನೇಮ್‌ಸರ್ವರ್ ಹೆಸರುಗಳಿರುತ್ತವೆ, ಈ ವಿಳಾಸದ ಮನೆ ಎಲ್ಲಿದೆ ಎಂದು ಹೇಳುವ ಸರ್ವರುಗಳು ಅವು. ಡೊಮೇನ್ ಕೊಂಡ ಕಡೆ ಲಾಗಿನ್ ಆಗಿ, ಅಲ್ಲಿರುವ ಹಳೆಯ ನೇಮ್‌ಸರ್ವರ್ ತೆಗೆದು ಇವನ್ನು ಹಾಕಿ. ಅಷ್ಟೇ ಕೆಲಸ. ಎಲ್ಲ ಕಡೆ ಸುದ್ದಿ ಮುಟ್ಟಲು 48 ಗಂಟೆಯವರೆಗೂ ಹಿಡಿಯಬಹುದು ಎನ್ನುತ್ತಾರೆ, ಬಹಳ ಸಲ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ನಿಮ್ಮ ಫೋನಿನಲ್ಲಿ ತೆರೆದು ಪಕ್ಕದ ಮನೆಯ ವೈಫೈನಲ್ಲಿ ತೆರೆಯದಿದ್ದರೆ ಗಾಬರಿಯಾಗಬೇಡಿ, ಏನನ್ನೂ ಬದಲಿಸಲೂ ಬೇಡಿ. ಕಾಫಿ ಕುಡಿದು ಬನ್ನಿ. ಆ ಡೊಮೇನಿನಲ್ಲಿ ಮೊದಲೇ ಈಮೇಲ್ ನಡೆಯುತ್ತಿದ್ದರೆ ಮಾತ್ರ ಹುಷಾರು. ನೇಮ್‌ಸರ್ವರ್ ಬದಲಿಸಿದರೆ ಈಮೇಲ್ ಎಲ್ಲಿಗೆ ಮುಟ್ಟಬೇಕೆಂದು ಹೇಳುವ ಎಂಎಕ್ಸ್ ದಾಖಲೆಗಳೂ ಹೋಗುತ್ತವೆ, ಅವನ್ನು ಮೊದಲು ಬರೆದಿಟ್ಟುಕೊಂಡು ಹೊಸ ಕಡೆ ಮತ್ತೆ ಹಾಕಬೇಕು.

ವಿಳಾಸ ಕೂಡಿದ ಮೇಲೆ, ವರ್ಡ್‌ಪ್ರೆಸ್ ಹಾಕುವುದಕ್ಕೆ ಮೊದಲು, ಎಸ್‌ಎಸ್‌ಎಲ್ ಹಾಕಿಸಿ. ಬ್ರೌಸರಿನಲ್ಲಿ 'ಸುರಕ್ಷಿತವಲ್ಲ' ಎಂದು ಬಾರದಂತೆ ನೋಡಿಕೊಳ್ಳುವುದು ಇದೇ. ಹೆಚ್ಚಿನ ಕಡೆ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಉಚಿತ ಪ್ರಮಾಣಪತ್ರ ಒಂದು ಒತ್ತಿಗೆ ಸಿಗುತ್ತದೆ. ಅದರ ಆಯಸ್ಸು ಕೆಲವೇ ತಿಂಗಳು, ಆದರೆ ತಾನೇ ನವೀಕರಣವಾಗುತ್ತದೆ. ಈ ಕ್ರಮ ಹಿಂದುಮುಂದಾದರೆ ತಾಣದೊಳಗಿನ ಚಿತ್ರಗಳ ಕೊಂಡಿಗಳು ಹಳೆಯ ವಿಳಾಸದಲ್ಲೇ ಕೂತುಬಿಡುತ್ತವೆ, ಆಮೇಲೆ ಒಂದೊಂದಾಗಿ ಹುಡುಕಬೇಕು.

ವರ್ಡ್‌ಪ್ರೆಸ್ ಹಾಕುವುದು: ಹತ್ತು ನಿಮಿಷ, ಎರಡು ಹೊಂಡ

ಹೋಸ್ಟಿಂಗ್ ನೋಡಿಕೊಳ್ಳಲು ಸಿಪ್ಯಾನೆಲ್ ಎಂಬ ಪ್ಯಾನೆಲ್ ಇರುವ ಕಡೆ ಸಾಫ್ಟಾಕ್ಯುಲಸ್ ಎಂಬ ಗುಂಡಿ ಇರುತ್ತದೆ, ಬೇರೆ ಪ್ಯಾನೆಲ್‌ಗಳಲ್ಲಿ ಬೇರೆ ಹೆಸರು. ವರ್ಡ್‌ಪ್ರೆಸ್ ಆರಿಸಿದರೆ ಒಂದು ಫಾರ್ಮ್ ತೆರೆಯುತ್ತದೆ. ವಿಳಾಸದ ಪಟ್ಟಿಯಲ್ಲಿ ಎಚ್‌ಟಿಟಿಪಿಎಸ್ ಇರುವುದನ್ನೇ ಆರಿಸಿ. ಮೊದಲ ಹೊಂಡ ಅದರ ಪಕ್ಕದ 'ಡೈರೆಕ್ಟರಿ' ಖಾನೆ. ಕೆಲವು ಕಡೆ ಅದರಲ್ಲಿ 'ಡಬ್ಲ್ಯೂಪಿ' ಎಂದು ಮೊದಲೇ ತುಂಬಿರುತ್ತದೆ. ಅಳಿಸದೆ ಮುಂದೆ ಹೋದರೆ ತಾಣ ನಿಮ್ಮ ವಿಳಾಸದಲ್ಲಿ ತೆರೆಯುವುದಿಲ್ಲ, ವಿಳಾಸದ ಕೊನೆಗೆ ಓರೆಗೀಟು ಹಾಕಿ 'ಡಬ್ಲ್ಯೂಪಿ' ಸೇರಿಸಿದರೆ ಮಾತ್ರ ತೆರೆಯುತ್ತದೆ. ಆ ಖಾನೆ ಖಾಲಿ ಇರಲಿ. ಎರಡನೆಯ ಹೊಂಡ ಬಳಕೆದಾರನ ಹೆಸರು. 'ಅಡ್ಮಿನ್' ಎಂದು ಬಿಡಬೇಡಿ, ಕದಿಯಲು ಬರುವ ರೋಬೋಟುಗಳು ಮೊದಲು ತಟ್ಟುವುದು ಅದೇ ಹೆಸರನ್ನು. ಪಾಸ್‌ವರ್ಡ್ ಉದ್ದವಾಗಿರಲಿ, ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮನೆಯ ಬೀರುವಿನಲ್ಲಿರುವ ನೋಟ್‌ಬುಕ್ಕಿಗೆ ರಷ್ಯಾದಿಂದ ಯಾರೂ ಕೈಹಾಕುವುದಿಲ್ಲ.

ಗುಂಡಿ ಇಲ್ಲದ ಕಡೆ ಕೈಯಾರೆ ಮಾಡುವುದೂ ಕಷ್ಟವೇನಲ್ಲ. ಪ್ಯಾನೆಲ್‌ನಲ್ಲಿ ಡೇಟಾಬೇಸ್ ಒಂದು, ಅದರ ಬಳಕೆದಾರ ಒಬ್ಬ, ಎರಡಕ್ಕೂ ನಂಟು. ಆಮೇಲೆ ವರ್ಡ್‌ಪ್ರೆಸ್‌ನ ಜಿಪ್ ಕಡತವನ್ನು ಪಬ್ಲಿಕ್ ಎಚ್‌ಟಿಎಂಎಲ್ ಫೋಲ್ಡರಿನಲ್ಲಿ ಬಿಚ್ಚಿ, ಬ್ರೌಸರಿನಲ್ಲಿ ವಿಳಾಸ ತೆರೆದರೆ ಮಿಕ್ಕದ್ದನ್ನು ಅದೇ ಕೇಳುತ್ತದೆ.

ಲಾಗಿನ್ ಆದಮೇಲೆ ಮೊದಲು ಹೋಗಬೇಕಾದ್ದು ಸೆಟ್ಟಿಂಗ್ಸ್‌ಗೆ. ಜನರಲ್ ಪುಟದಲ್ಲಿ ಸಮಯವಲಯ ಕೋಲ್ಕತಾ ಮಾಡಿ. ಚಿಕ್ಕಪ್ಪ ಬೆಳಿಗ್ಗೆ 6 ಗಂಟೆಗೆ ಪ್ರಕಟವಾಗಲಿ ಎಂದು ನಿಗದಿ ಮಾಡಿದ ಮೊದಲ ಬರಹ ಬಂದಿದ್ದು 11.30ಕ್ಕೆ, ಗಡಿಯಾರ ಯುಟಿಸಿ ಎಂಬ ಜಾಗತಿಕ ಸಮಯದಲ್ಲೇ ಉಳಿದಿತ್ತು. ತಾಣದ ಭಾಷೆ ಕನ್ನಡ ಮಾಡಿ. ಆಗ ಪುಟದ ಒಡಲಲ್ಲಿ ಇದು ಕನ್ನಡ ಎಂಬ ಗುರುತು ಸೇರುತ್ತದೆ, ತಿಂಗಳ ಹೆಸರುಗಳೂ ಕನ್ನಡದಲ್ಲಿ ಬರುತ್ತವೆ. ನಿಮ್ಮ ಪ್ರೊಫೈಲ್‌ನಲ್ಲಿ ಭಾಷೆಯನ್ನು ಬೇರೆಯಾಗಿ ಇಂಗ್ಲಿಷ್ ಇಟ್ಟುಕೊಳ್ಳಬಹುದು. ನಾನು ಹಾಗೇ ಇಟ್ಟುಕೊಂಡಿದ್ದೇನೆ, ಯೂಟ್ಯೂಬ್ ಪಾಠಗಳಲ್ಲಿ ತೋರಿಸುವ ಮೆನುಗಳು ಇಂಗ್ಲಿಷಿನಲ್ಲೇ ಇರುತ್ತವಲ್ಲ. ರೀಡಿಂಗ್ ಪುಟದಲ್ಲಿ ಹುಡುಕುಯಂತ್ರಗಳು ಬರಬಾರದು ಎಂಬ ಚೌಕದಲ್ಲಿ ಗುರುತು ಬಿದ್ದಿದ್ದರೆ ತೆಗೆಯಿರಿ. ಬರಹಗಳ ಕೊಂಡಿ ಹೇಗಿರಬೇಕೆಂದು ಹೇಳುವ ಪರ್ಮಾಲಿಂಕ್ಸ್ ಪುಟದಲ್ಲಿ 'ಪೋಸ್ಟ್ ನೇಮ್' ಆರಿಸಿ. ಇದನ್ನು ಮೊದಲ ದಿನವೇ ಮಾಡಿ. ನೂರು ಬರಹ ಆದಮೇಲೆ ಬದಲಿಸಿದರೆ ಹಂಚಿದ ಹಳೆಯ ಕೊಂಡಿಗಳು ಕೆಡಬಹುದು. 'ಹಲೋ ವರ್ಲ್ಡ್' ಎಂಬ ಮಾದರಿ ಬರಹ ಅಳಿಸಿ.

ಕನ್ನಡದ ಕಷ್ಟಗಳು

ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಸಿಗದ ಭಾಗ ಇದು. ನಾವು ಎರಡನೆಯ ಭಾನುವಾರವನ್ನೆಲ್ಲ ಇದಕ್ಕೇ ಸುರಿದೆವು.

ಮೊದಲನೆಯದು ಕೊಂಡಿ. ಚಿಕ್ಕಪ್ಪ ಹಾಕಿದ ಶೀರ್ಷಿಕೆ: 'ಅಜ್ಜಿಯ ಒರಳುಕಲ್ಲು ಮತ್ತು ಮೊದಲ ಮಳೆ'. ವರ್ಡ್‌ಪ್ರೆಸ್ ತಾನಾಗಿ ಮಾಡಿದ ಕೊಂಡಿ 'ಅಜ್ಜಿಯ-ಒರಳುಕಲ್ಲು-ಮತ್ತು-ಮ' ಎಂಬಲ್ಲಿ ಗಕ್ಕನೆ ನಿಂತಿತು. ಏಕೆಂದರೆ ಕೊಂಡಿಯೊಳಗೆ ಕನ್ನಡದ ಒಂದೊಂದು ಸಂಕೇತವೂ ಶೇಕಡಾ ಚಿಹ್ನೆಗಳ ಸಹಿತ 9 ರೋಮನ್ ಅಕ್ಷರಗಳಾಗಿ ಬಿಡಿಸಿಕೊಳ್ಳುತ್ತದೆ. ಗುಣಿತದ ಚಿಹ್ನೆಗೂ ಹಲಂತಕ್ಕೂ ಬೇರೆ ಬೇರೆ ಲೆಕ್ಕ. 'ಜ್ಜಿ' ಕಣ್ಣಿಗೆ ಒಂದೇ ಅಕ್ಷರ, ಕೊಂಡಿಯಲ್ಲಿ 36. ಡೇಟಾಬೇಸಿನಲ್ಲಿ ಕೊಂಡಿಗಿರುವ ಜಾಗ 200 ಅಕ್ಷರ. ಹೆಚ್ಚೆಂದರೆ 22 ಸಂಕೇತಗಳಿಗೆ ಮುಗಿಯಿತು. ಅದನ್ನೇ ವಾಟ್ಸ್ಆ್ಯಪ್‌ಗೆ ಅಂಟಿಸಿದರೆ ಆರು ಸಾಲು ಶೇಕಡಾ ಚಿಹ್ನೆಗಳು, ಯಾವುದೋ ವೈರಸ್ ಎಂದು ಜನ ಒತ್ತುವುದೇ ಇಲ್ಲ. ಆದ್ದರಿಂದ ಬರಹ, ಶೀರ್ಷಿಕೆ ಎಲ್ಲ ಕನ್ನಡದಲ್ಲಿರಲಿ. ಪ್ರಕಟಿಸುವ ಮುಂಚೆ ಬಲಬದಿಯ ಪಟ್ಟಿಯಲ್ಲಿ 'ಸ್ಲಗ್' ಅಥವಾ 'ಲಿಂಕ್' ಎಂಬಲ್ಲಿ ಒತ್ತಿ, ರೋಮನ್ ಅಕ್ಷರಗಳಲ್ಲಿ 'ಒರಳುಕಲ್ಲು' ಎಂದಷ್ಟೇ ಬರೆದುಬಿಡಿ. ಚಿತ್ರಗಳ ಕಡತದ ಹೆಸರಿಗೂ ಇದೇ ನಿಯಮ.

ಎರಡನೆಯದು ಒತ್ತಕ್ಷರ. ಹೆಚ್ಚಿನ ಥೀಮ್‌ಗಳನ್ನು ಮಾಡಿದವರಿಗೆ ರೋಮನ್ ಲಿಪಿಯೇ ಕಣ್ಣಮುಂದಿರುತ್ತದೆ. ಶೀರ್ಷಿಕೆಯ ಸಾಲುಗಳ ನಡುವಿನ ಅಂತರವನ್ನು 1.1 ಅಥವಾ 1.2 ಇಟ್ಟಿರುತ್ತಾರೆ. ಕನ್ನಡದ ಶೀರ್ಷಿಕೆ ಎರಡು ಸಾಲಾದರೆ ಮೇಲಿನ ಸಾಲಿನ ಲಾವತ್ತು ಕೆಳಗಿನ ಸಾಲಿನ ಗುಡಿಸಿನ ಮೇಲೆ ಕೂರುತ್ತದೆ. ಥೀಮ್ ಎಡಿಟರಿನ 'ಸ್ಟೈಲ್ಸ್' ವಿಭಾಗದಲ್ಲಿ ಟೈಪೊಗ್ರಫಿಗೆ ಹೋಗಿ, ಶೀರ್ಷಿಕೆಗೆ 1.4, ಮೈಬರಹಕ್ಕೆ 1.7 ಅಥವಾ 1.8 ಮಾಡಿ. ಅಕ್ಷರದ ಗಾತ್ರವನ್ನೂ ಒಂದು ಮೆಟ್ಟಿಲು ಏರಿಸಿ. ಫಾಂಟ್ ಬದಲಿಸಬೇಕಿದ್ದರೆ ವರ್ಡ್‌ಪ್ರೆಸ್ 6.5ರಿಂದ ಅಲ್ಲೇ ಫಾಂಟ್ ಭಂಡಾರವಿದೆ. ನೋಟೊ ಸೆರಿಫ್ ಕನ್ನಡ, ಟಿರೊ ಕನ್ನಡ, ಅನೇಕ್ ಕನ್ನಡ ಎಲ್ಲವೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ದೀರ್ಘ ಬರಹಕ್ಕೆ ನನಗೆ ಟಿರೊ ಹಿಡಿಸುತ್ತದೆ, ಹಳೆಯ ಅಚ್ಚಿನ ಪುಸ್ತಕದ ಗುಂಡುತನವಿದೆ. ಬಲೂ ತಮ್ಮ ಶೀರ್ಷಿಕೆಗೆ ಲಾಯಕ್ಕು, ಇಡೀ ಲೇಖನಕ್ಕೆ ಹಾಕಿದರೆ ಮದುವೆ ಮನೆಯ ಬ್ಯಾನರ್ ಓದಿದಂತಾಗುತ್ತದೆ. ಎರಡಕ್ಕಿಂತ ಹೆಚ್ಚು ಫಾಂಟ್ ಬೇಡ.

ಮೂರನೆಯದು ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಕಡತಗಳು. ಚಿಕ್ಕಪ್ಪನ ಪೆನ್‌ಡ್ರೈವ್‌ನಲ್ಲಿದ್ದ ಅಂಕಣಗಳೆಲ್ಲ ಹಳೆಯ ನುಡಿ ಫಾಂಟಿನವು. ಅವನ್ನು ಹಾಗೇ ಅಂಟಿಸಿದರೆ ಕಾಣುವುದು ಕೊಂಬು ಬಾಲಗಳಿರುವ ರೋಮನ್ ಅಕ್ಷರಗಳು. ಆ ಕಡತದಲ್ಲಿ ನಿಜಕ್ಕೂ ಇರುವುದು ಅವೇ, ಫಾಂಟ್ ಅವಕ್ಕೆ ಕನ್ನಡದ ವೇಷ ಹಾಕಿತ್ತು ಅಷ್ಟೆ. ಮೊದಲು ಎಲ್ಲ ಕಡೆ ಕನ್ನಡವಾಗಿಯೇ ಉಳಿಯುವ ಯೂನಿಕೋಡ್ ಸಂಕೇತಕ್ಕೆ ಪರಿವರ್ತಿಸಬೇಕು. ನುಡಿ ಮತ್ತು ಬರಹ ತಂತ್ರಾಂಶಗಳಲ್ಲೇ ಪರಿವರ್ತಕಗಳಿವೆ. ಆದರೆ ಪರಿವರ್ತಿಸಿದ್ದನ್ನು ಕಣ್ಣುಮುಚ್ಚಿ ಪ್ರಕಟಿಸಬೇಡಿ. ಬರಹದ ನಡುವೆ ಇದ್ದ ಇಂಗ್ಲಿಷ್ ಪದಗಳನ್ನೂ ಅದು ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳಾಗಿ ಮಾಡಿರುತ್ತದೆ. ಉದ್ಧರಣ ಚಿಹ್ನೆಗಳು ಮಾಯವಾಗಿರುತ್ತವೆ, ಅರ್ಕಾವತ್ತು ಜಾಗ ತಪ್ಪಿರುತ್ತದೆ. ದಿನಕ್ಕೆರಡರಂತೆ ತಿದ್ದಿ ಹಾಕುತ್ತೇನೆ ಎಂದು ಚಿಕ್ಕಪ್ಪ ಪಟ್ಟು ಹಿಡಿದರು. ಕೆಂಪು ಪೆನ್ನಿನ ಅಭ್ಯಾಸ ಬಿಟ್ಟುಹೋಗಿಲ್ಲ.

ಥೀಮ್, ಪ್ಲಗಿನ್, ಫೋಟೊ

ವರ್ಡ್‌ಪ್ರೆಸ್ ಜೊತೆಗೇ ಬರುವ ಥೀಮ್ ಸಾಕು. ದುಡ್ಡಿನ ಥೀಮ್‌ಗಳನ್ನು ಯಾರೋ ಬಿಟ್ಟಿಯಾಗಿ ಕೊಡುತ್ತೇವೆ ಎಂದರೆ ಮುಟ್ಟಬೇಡಿ, ಒಳಗೆ ಕಳ್ಳ ಕೋಡ್ ಇಟ್ಟಿರುವುದು ಬಹಳ. ಹೆಚ್ಚುವರಿ ಕೆಲಸಗಳಿಗೆ ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶಗಳಾದ ಪ್ಲಗಿನ್‌ಗಳಲ್ಲಿ ನಾವು ಹಾಕಿದ್ದು ನಾಲ್ಕೇ: ಬ್ಯಾಕಪ್‌ಗೆ, ಪುಟ ಬೇಗ ತೆರೆಯುವಂತೆ ಮಾಡುವ ಕ್ಯಾಶ್‌ಗೆ, ಸ್ಪ್ಯಾಮ್ ಕಾಮೆಂಟು ತಡೆಯಲು, ಲಾಗಿನ್‌ಗೆ ಫೋನಿನ ಕೋಡ್ ಕೇಳಲು. ಪ್ರತಿ ಪ್ಲಗಿನ್ನೂ ಮನೆಗೆ ಇನ್ನೊಂದು ಬಾಗಿಲು. ಹಾಕುವ ಮುಂಚೆ ಅದನ್ನು ಕೊನೆಯ ಸಲ ಅಪ್‌ಡೇಟ್ ಮಾಡಿದ್ದು ಯಾವಾಗ ಎಂದು ನೋಡಿ. ವರ್ಷಗಟ್ಟಲೆ ಯಾರೂ ಮುಟ್ಟದಿದ್ದನ್ನು ಬಿಟ್ಟುಬಿಡಿ.

ಫೋನಿನಲ್ಲಿ ತೆಗೆದ ಫೋಟೊ ನಾಲ್ಕೈದು ಎಂಬಿ ಇರುತ್ತದೆ. ವರ್ಡ್‌ಪ್ರೆಸ್ 2560 ಪಿಕ್ಸೆಲ್‌ಗಿಂತ ದೊಡ್ಡದನ್ನು ತಾನೇ ಕುಗ್ಗಿಸುತ್ತದೆ, ಜೊತೆಗೆ ಸಣ್ಣ ಗಾತ್ರದ ಪ್ರತಿಗಳನ್ನೂ ಮಾಡುತ್ತದೆ. ಆದರೆ ಮೂಲ ಚಿತ್ರವೂ ಸರ್ವರಿನಲ್ಲೇ ಉಳಿದು ಜಾಗ ತಿನ್ನುತ್ತದೆ. ಹಾಕುವ ಮೊದಲೇ 1600 ಪಿಕ್ಸೆಲ್ ಅಗಲಕ್ಕೆ ಇಳಿಸಿ.

ಬ್ಯಾಕಪ್ಪನ್ನು ಮರಳಿ ಹಾಕಿ ನೋಡುವುದು

ತಾಣವೆಂದರೆ ಎರಡು ಗಂಟು. ಒಂದು ಡೇಟಾಬೇಸ್, ಅದರಲ್ಲಿ ಬರಹ. ಇನ್ನೊಂದು 'ಡಬ್ಲ್ಯೂಪಿ-ಕಂಟೆಂಟ್' ಫೋಲ್ಡರ್, ಅದರಲ್ಲಿ ಚಿತ್ರ, ಥೀಮ್, ಪ್ಲಗಿನ್. ಎರಡೂ ಇದ್ದರೆ ಎಲ್ಲಿ ಬೇಕಾದರೂ ತಾಣವನ್ನು ಮತ್ತೆ ಎಬ್ಬಿಸಬಹುದು. ಹೋಸ್ಟಿಂಗ್‌ನವರ ಬ್ಯಾಕಪ್ ಇದ್ದರೂ ಅದು ಅವರ ಕಪಾಟಿನಲ್ಲಿರುತ್ತದೆ. ಅಪ್‌ಡ್ರಾಫ್ಟ್‌ಪ್ಲಸ್ ಹಾಕಿ, ವಾರಕ್ಕೊಮ್ಮೆ ಗೂಗಲ್ ಡ್ರೈವ್‌ಗೆ ಹೋಗುವಂತೆ ನಾವು ಮಾಡಿಕೊಂಡೆವು. ತಿಂಗಳಿಗೊಮ್ಮೆ ಪೆನ್‌ಡ್ರೈವ್‌ಗೂ ಒಂದು ಪ್ರತಿ.

ತಾಣದಲ್ಲಿ ಇನ್ನೂ ಐದೇ ಬರಹ ಇದ್ದಾಗ, ಅಂದರೆ ಹೋದರೂ ನಷ್ಟವಿಲ್ಲದ ಹೊತ್ತಿನಲ್ಲಿ, ಒಮ್ಮೆ ಎಲ್ಲ ಅಳಿಸಿ ಬ್ಯಾಕಪ್‌ನಿಂದ ಮರಳಿ ತರಿಸಿ. ನಾನು ಚಿಕ್ಕಪ್ಪನ ಎದುರಿಗೇ ಅಳಿಸಿದೆ. ಅವರ ಮುಖ ಬಿಳಿಚಿಕೊಂಡಿತು. ಹೊಸ ವರ್ಡ್‌ಪ್ರೆಸ್, ಪ್ಲಗಿನ್, ಡ್ರೈವ್‌ನ ಗಂಟು, 'ರಿಸ್ಟೋರ್' ಗುಂಡಿ. ಇಪ್ಪತ್ತು ನಿಮಿಷದಲ್ಲಿ ಒರಳುಕಲ್ಲು ಮರಳಿ ಬಂತು. "ಇನ್ನೊಂದ್ಸಲ ಅಳಿಸು, ಈ ಸಲ ನಾನು ತರ್ತೀನಿ" ಅಂದರು. ತಂದರು ಕೂಡ, ಮೂರು ಕಡೆ ತಪ್ಪು ಗುಂಡಿ ಒತ್ತಿ.

ಅಪ್‌ಡೇಟ್‌ಗಳಲ್ಲಿ ಸಣ್ಣ ಭದ್ರತಾ ತಿದ್ದುಪಡಿಗಳು ತಾವಾಗಿ ಬರುತ್ತವೆ. ದೊಡ್ಡ ಆವೃತ್ತಿಯೂ ತಾನಾಗಿ ಬರುವಂತೆ ಇಟ್ಟಿಲ್ಲದಿದ್ದರೆ, ಅದು ಬಂದಾಗ ಮೊದಲು ಬ್ಯಾಕಪ್ ತೆಗೆದು, ಒಂದು ವಾರ ಬಿಟ್ಟು ಒತ್ತಿ.

ಈಗ ಆ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಡೊಮೇನ್ ಎಲ್ಲಿದೆ, ಹೋಸ್ಟಿಂಗ್ ಎಲ್ಲಿದೆ, ಯಾವ ಈಮೇಲ್, ಎರಡರ ವಾಯಿದೆ ಯಾವಾಗ, ಬ್ಯಾಕಪ್ ಯಾವ ಡ್ರೈವ್‌ನಲ್ಲಿ, ಇಷ್ಟೂ ಚಿಕ್ಕಪ್ಪನ ದುಂಡು ಅಕ್ಷರದಲ್ಲಿದೆ. ಅದರ ಕೆಳಗೆ ಚಿಕ್ಕಮ್ಮನೂ ಒಂದು ಸಹಿ ಹಾಕಿದ್ದಾರೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಡೊಮೇನ್ ನವೀಕರಣದ ದಿನಕ್ಕೆ ಹದಿನೈದು ದಿನ ಮುಂಚಿನ ತಾರೀಖಿಗೆ, ಗ್ಯಾಸ್ ಸಿಲಿಂಡರ್ ಬದಲಿಸಿದ ಗುರುತಿನ ಪಕ್ಕದಲ್ಲೇ, ಕೆಂಪು ಸುತ್ತು ಬಿದ್ದಿದೆ.